ಬಾಯಿಲ್ಲದ ಗೋಡೆ

1937ರ ಮಾದರಿಯ ಜೆಕೊಸ್ಲೊವಾಕಿಯದ ಸಣ್ಣ ಬಂಕರುಗಳ ನಕ್ಷೆ ನೋಡುತ್ತಿದ್ದೆ. ಗಡಿ ಉದ್ದ, ಹಣ ಕಮ್ಮಿ. ಹಿಂದಿನ ವರ್ಷದ ಮಾದರಿಯಲ್ಲಿ ಮೆಷಿನ್‌ಗನ್ನಿನ ಕಿಂಡಿ ಶತ್ರುವಿನ ಕಡೆಗೇ ಇತ್ತು, ಅಂದರೆ ಫಿರಂಗಿಗೆ ನೇರ ಗುರಿ. ಹೊಸದರಲ್ಲಿ ಸಾಮಾನ್ಯವಾಗಿ ಎದುರಿನ ಗೋಡೆಗೆ ಕಿಂಡಿಯೇ ಇಲ್ಲ. ಅದರ ಮುಂದೆ ಕಲ್ಲು ಪೇರಿಸಿ ಮೇಲೆ ಮಣ್ಣು ಮುಚ್ಚಿದರು. ಗುಂಡು ಕಾಂಕ್ರೀಟು ಮುಟ್ಟುವ ಮೊದಲೇ ಕಲ್ಲಿನಲ್ಲಿ ಸಿಡಿಯಲಿ ಎಂದು. ಕಿಂಡಿಗಳು ಎಡಬಲಕ್ಕೆ, ಪಕ್ಕದ ಬಂಕರಿನ ಮುಂದಿನ ಬಯಲನ್ನು ಕಾಯುವಂತೆ. ದುಬಾರಿ ಉಕ್ಕಿನ ಗುಮ್ಮಟ ಬೇಕಾಗಲಿಲ್ಲ. ನನ್ನ ಮಟ್ಟಿಗೆ ಇದು ಆ ಕಾಲದ ಅತ್ಯಂತ ಜಾಣ ಉಳಿತಾಯ. ಆದರೆ ನಡುವೆ ಒಂದು ಬಂಕರು ಬಿದ್ದರೆ ಅಕ್ಕಪಕ್ಕದ ಎರಡಕ್ಕೂ ಕಾವಲು ತಪ್ಪುತ್ತದೆ.

ಉಳಿತಾಯ ಮಾಡಬಾರದ ಜಾಗ ಕಾಂಕ್ರೀಟು. ಹಗಲುರಾತ್ರಿ ನಿಲ್ಲಿಸದೆ ಒಂದೇ ಸಲಕ್ಕೆ ಸುರಿಯಬೇಕು. ನಡುವೆ ನಿಂತರೆ ಕೆಳಗಿನ ಪದರ ಗಟ್ಟಿಯಾಗಿ ಮೇಲಿನದರೊಂದಿಗೆ ಬೆಸೆಯುವುದಿಲ್ಲ, ಹೊಡೆತ ಬಿದ್ದಾಗ ಗೋಡೆ ಅಲ್ಲೇ ಸೀಳುತ್ತದೆ. ಹಾಗಾಗಿ ಜಲ್ಲಿ, ಮರಳು, ಸಿಮೆಂಟು, ನೀರು ಎಲ್ಲವೂ ಮೊದಲೇ ಸ್ಥಳದಲ್ಲಿರಬೇಕು.

ಒಳಗೆ ಕೈಯಿಂದ ತಿರುಗಿಸುವ ಫ್ಯಾನು, ಛಾವಣಿಯಲ್ಲಿ ಪೆರಿಸ್ಕೋಪು. ಫ್ಯಾನು ನಿಂತರೆ ಮದ್ದಿನ ಹೊಗೆಯೇ ಸಿಪಾಯಿಗಳನ್ನು ಕೆಡವುತ್ತದೆ. ಗಡಿ ಪ್ರದೇಶವನ್ನು ಜರ್ಮನಿಗೆ ಬಿಟ್ಟುಕೊಟ್ಟ 1938ರ ಸೆಪ್ಟೆಂಬರಿನ ಮ್ಯೂನಿಕ್ ಒಪ್ಪಂದದ ಹೊತ್ತಿಗೆ ಇಂಥ ಸಣ್ಣ ಬಂಕರುಗಳು ಸುಮಾರು 10,000 ಎದ್ದಿದ್ದವು. ಆ ಪ್ರದೇಶದ ಜೊತೆ ಅವುಗಳಲ್ಲಿ ಬಹುಪಾಲು ಜರ್ಮನಿಯ ಕೈಸೇರಿದವು.