ಬೈಗುಳದ ಪಟ್ಟಿ ಸಾಕಾಗುವುದಿಲ್ಲ

ಚಿಲಿಯವರ ಬಗ್ಗೆ ಅಕ್ಕಪಕ್ಕದ ದೇಶದವರು ಒಳಗೊಳಗೆ ಏನಂದುಕೊಳ್ಳುತ್ತಾರೆ ಅಂತ ತಿಳಿಯಬೇಕಿದ್ದರೆ, ಇಕೀಕೆಯಲ್ಲಿ ಲೆಕ್ಕ ಬರೆಯುವ ಭಾರತೀಯನಾಗಿರುವುದು ಒಳ್ಳೆಯದು. ಬೊಲಿವಿಯಾದವರಿಗೆ ನಾನು ಚಿಲಿಯವನಲ್ಲ. ಪೆರುವಿನವರಿಗೂ ಅಲ್ಲ. ಚಿಲಿಯವರಿಗೆ ನಾನು ಈ ಜಗಳಕ್ಕೇ ಸಂಬಂಧವಿಲ್ಲದ 'ಇಂದು', ಅಂದರೆ ಇಲ್ಲಿನ ಮಾತಲ್ಲಿ ಭಾರತದವನು. ಹಾಗಾಗಿ ನನ್ನೆದುರು ಯಾರೂ ಮಾತು ನುಂಗುವುದಿಲ್ಲ.

ಇಕೀಕೆ ಉತ್ತರ ಚಿಲಿಯ ಬಂದರು. 1975ರಲ್ಲಿ ಇಲ್ಲಿ ಸುಂಕವಿಲ್ಲದ ವ್ಯಾಪಾರ ವಲಯ ಶುರುವಾಯಿತು. ಸೋಫ್ರಿ ಅಂತ ಕರೆಯುತ್ತಾರೆ. ಅದನ್ನು ನೆಚ್ಚಿಕೊಂಡು ಸಿಂಧಿ ವ್ಯಾಪಾರಿಗಳು ಬಂದು ನೆಲೆಯೂರಿದರು. ನಾನು ಶಿರಸಿಯಿಂದ ಇಲ್ಲಿಗೆ ಬಂದು ಬಿದ್ದದ್ದು ಅಂಥದೇ ಒಂದು ಬಟ್ಟೆ ಗೋದಾಮಿನ ಲೆಕ್ಕಕ್ಕೆ. ನಮ್ಮ ಗಿರಾಕಿಗಳಲ್ಲಿ ಬೊಲಿವಿಯಾದವರೇ ಜಾಸ್ತಿ. ಕೊಲ್ಚಾನೆ ಗಡಿ ದಾಟಿ ಬಸ್ಸಲ್ಲಿ ಬರುತ್ತಾರೆ, ಹೊದಿಕೆ, ಜಾಕೆಟ್ಟು ಮೂಟೆ ಕಟ್ಟಿಸುತ್ತಾರೆ, ವಾಪಸ್ ಹೋಗುತ್ತಾರೆ. ಪೆರುವಿನ ತಾಕ್ನಾದಿಂದಲೂ ಒಂದಿಷ್ಟು ಜನ ಬರುತ್ತಾರೆ. ಮೂಟೆ ಎತ್ತುವ ಹುಡುಗರು ಚಿಲಿಯವರು.

ಇಲ್ಲಿನ ಶಾಲೆಯಲ್ಲಿ ಇತಿಹಾಸ ಹೇಳುವ ಟೀಚರ್ ಒಬ್ಬರು ನನಗೆ ಪರಿಚಯ. ಚಿಲಿಯವರೇ. ಅವರ ಕ್ಲಾಸಲ್ಲಿ ಮೂರೂ ದೇಶದ ಮಕ್ಕಳಿದ್ದಾರೆ. "ನಮ್ಮ ಮೇಲೆ ಎಷ್ಟು ದ್ವೇಷ ಇದೆ ಅನ್ನುವುದು ಎಲ್ಲಾದರೂ ದಾಖಲಾಗಬೇಕು. ನಮ್ಮೆದುರು ಅವರು ಬಾಯಿ ಬಿಡುವುದಿಲ್ಲ. ನೀವು ಕೇಳಿದ್ದನ್ನೆಲ್ಲ ಬರೆದಿಡಿ," ಅಂದರು. ನಾನು ಒಪ್ಪಿಕೊಂಡೆ. ಆಮೇಲೆ ಶುರುವಾಯಿತು ನೋಡಿ ಇಬ್ಬರ ಜಗಳ. ಅವರಿಗೆ ಬೇಕಿದ್ದದ್ದು ಬೈಗುಳದ ಪಟ್ಟಿ. ನಾನೋ ಲೆಕ್ಕದವನು. ಮೊತ್ತ ಸರಿಯಿದ್ದರೂ ತಪ್ಪು ಖಾತೆಗೆ ಹಾಕಿದರೆ ಪುಸ್ತಕವೇ ಸುಳ್ಳಾಗುತ್ತದೆ ಅಂತ ನಂಬಿ ಬದುಕುವವನು.

ಮೊದಲ ಜಗಳ ಒಂದೇ ಒಂದು ವಾಕ್ಯದ ಮೇಲೆ. ಬೊಲಿವಿಯಾದ ಒರೂರೋ ಕಡೆಯ ಒಬ್ಬ ಗಿರಾಕಿ, ವಯಸ್ಸಾದ ಹೆಂಗಸು, ಹೊದಿಕೆಯ ರೇಟಿಗೆ ಚೌಕಾಸಿ ಮಾಡುತ್ತಾ ನನಗೆ ಹೇಳಿದ್ದು: "ಚಿಲಿಯವರು ಕಳ್ಳರು ಕಣಪ್ಪಾ. ನಮ್ಮ ಸಮುದ್ರ ಕದ್ದವರು." ಹಾಗಂದು ಎರಡು ನಿಮಿಷ ಆಗಿಲ್ಲ, ಮೂಟೆ ಕಟ್ಟುತ್ತಿದ್ದ ಚಿಲಿಯ ಹುಡುಗನನ್ನು ಅವನ ಮಗಳ ಜ್ವರ ಹೇಗಿದೆ ಅಂತ ಕೇಳಿದರು. ಔಷಧಿಯನ್ನೂ ಹೇಳಿದರು. ಟೀಚರ್ ಇದನ್ನು ಪೂರ್ತಿ 'ದ್ವೇಷ' ಅಂತ ಬರೆದುಕೊಳ್ಳಲು ಹೊರಟರು. ನಾನು ಬಿಡಲಿಲ್ಲ.

"ಸಮುದ್ರ ಕದ್ದರು" ಅನ್ನುವುದಕ್ಕೆ ಹಿಂದೆ ಒಂದು ಕತೆ ಇದೆ. ಅಟಕಾಮಾ ಮರುಭೂಮಿಯಲ್ಲಿ ಸಿಗುವ ಸಾಲ್ಟ್‌ಪೀಟರ್ ಆ ಕಾಲಕ್ಕೆ ಗೊಬ್ಬರಕ್ಕೂ ಬೇಕು, ಸಿಡಿಮದ್ದಿಗೂ ಬೇಕು. ಬೊಲಿವಿಯಾಕ್ಕೆ ಸೇರಿದ್ದ ಕರಾವಳಿಯಲ್ಲಿ ಅದನ್ನು ತೆಗೆಯುತ್ತಿದ್ದದ್ದು ಚಿಲಿಯ ಕಂಪನಿ. 1878ರಲ್ಲಿ ಬೊಲಿವಿಯಾ ಕ್ವಿಂಟಲ್‌ಗೆ 10 ಸೆಂಟಾವೊ ತೆರಿಗೆ ಹಾಕಿತು. ಕಂಪನಿ ಕೊಡಲ್ಲ ಅಂದಿತು. 1879ರ ಫೆಬ್ರವರಿ 14ರಂದು ಚಿಲಿಯ ಸೈನ್ಯ ಆಂತೊಫಗಾಸ್ತಾ ಬಂದರಿಗೆ ಇಳಿಯಿತು. ಬೊಲಿವಿಯಾದ ಜೊತೆ ಗುಟ್ಟಿನ ಒಪ್ಪಂದ ಮಾಡಿಕೊಂಡಿದ್ದ ಪೆರು ಕೂಡ ಯುದ್ಧಕ್ಕೆ ಸಿಕ್ಕಿಬಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಬೊಲಿವಿಯಾದ ಕೈಲಿ ಒಂದು ಗೇಣು ಕರಾವಳಿಯೂ ಉಳಿದಿರಲಿಲ್ಲ. ಸುಮಾರು 400 ಕಿಲೋಮೀಟರ್ ಹೋಗಿತ್ತು. ಇವತ್ತಿಗೂ ಮಾರ್ಚ್ 23 ಅಲ್ಲಿ ಸಮುದ್ರದ ದಿನ. ಕಲಾಮಾದ ಹತ್ತಿರ ಹೋರಾಡಿ ಸತ್ತ ಎದುವಾರ್ದೊ ಅಬರೋವಾನನ್ನು ಮಕ್ಕಳು ನೆನೆಯುತ್ತಾರೆ.

ಚಿಲಿಯವರ ಉತ್ತರವೂ ಇದೆ. 25 ವರ್ಷ ತೆರಿಗೆ ಏರಿಸುವುದಿಲ್ಲ ಅಂತ 1874ರಲ್ಲಿ ಬೊಲಿವಿಯಾವೇ ಸಹಿ ಹಾಕಿತ್ತು. 1904ರ ಒಪ್ಪಂದದಲ್ಲಿ ಗಡಿ ಒಪ್ಪಿಕೊಂಡಿತು. ಅದಕ್ಕೆ ಬದಲಾಗಿ ಚಿಲಿ ತನ್ನ ಕೈಲಿದ್ದ ಆರಿಕಾ ಬಂದರಿನಿಂದ ಬೊಲಿವಿಯಾದ ಲಾ ಪಾಸ್‌ಗೆ ರೈಲು ಹಾಕಿಕೊಟ್ಟಿತು, ಬಂದರಿನ ಮೂಲಕ ಸರಕು ಸಾಗಿಸಲು ಬಿಟ್ಟಿತು. ಬೊಲಿವಿಯಾ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2018ರ ಅಕ್ಟೋಬರ್ 1ರಂದು, ಸಮುದ್ರದ ದಾರಿ ಬಗ್ಗೆ ಮಾತುಕತೆಗೆ ಕೂರಲೇಬೇಕು ಅನ್ನುವ ಕಾನೂನಿನ ಕಟ್ಟುಪಾಡು ಚಿಲಿಗಿಲ್ಲ ಅಂತ 12–3ರ ತೀರ್ಪು ಬಂತು. ಮಾತುಕತೆ ಆಡಬಾರದು ಅಂತೇನೂ ಕೋರ್ಟು ಹೇಳಲಿಲ್ಲ.

ಇಷ್ಟೆಲ್ಲ ಇರುವಾಗ "ಸಮುದ್ರ ಕದ್ದರು" ಅನ್ನುವುದು ಎರಡು ಸರ್ಕಾರಗಳ ನಡುವಿನ ತಕರಾರು. ಒಪ್ಪಬಹುದು, ಬಿಡಬಹುದು. ಪೂರ್ವಗ್ರಹದ ಖಾತೆಗೆ ಹಾಕಬಾರದು. ಹಾಕಿದರೆ, ತಕರಾರು ಎತ್ತಿದವರೆಲ್ಲ ದ್ವೇಷಿಗಳು ಅಂದ ಹಾಗೆ. "ಚಿಲಿಯವರು ಕಳ್ಳರು" ಅನ್ನುವ ಅರ್ಧ ಮಾತ್ರ ಪೂರ್ವಗ್ರಹವೇ. ಆ ಮೂಟೆ ಕಟ್ಟುವ ಹುಡುಗ ಏನು ಕದ್ದಿದ್ದಾನೆ, ಪಾಪ? ಹಳೆಯ ನೋವು ನಿಜ ಅನ್ನುವ ಕಾರಣಕ್ಕೆ ಈ ಮಾತು ನ್ಯಾಯವಾಗುವುದಿಲ್ಲ. ಮಾತು ತಪ್ಪು ಅನ್ನುವ ಕಾರಣಕ್ಕೆ ನೋವು ಸುಳ್ಳಾಗುವುದೂ ಇಲ್ಲ. ನಾನು ಒಂದೇ ವಾಕ್ಯವನ್ನು ಎರಡು ಕಡೆ ಬರೆದೆ. ಜ್ವರ ವಿಚಾರಿಸಿದ್ದನ್ನೂ ಕೆಳಗೆ ಸೇರಿಸಿದೆ. ಟೀಚರ್‌ಗೆ ಅದು ಹಿಡಿಸಲಿಲ್ಲ. "ಅದು ಬೈಗುಳವನ್ನು ತೊಳೆದುಹಾಕುತ್ತದೆ," ಅಂದರು. ತೊಳೆಯುವುದಿಲ್ಲ. ಬೈಗುಳ ಎಂಥ ಬಾಯಿಂದ ಬಂತು ಅಂತ ಹೇಳುತ್ತದೆ, ಅಷ್ಟೇ.

ಇನ್ನೊಂದು ಪ್ರಸಂಗ ಒಬ್ಬ ಲಾರಿ ಡ್ರೈವರನದು. ಗಡಿಯಾಚೆಯ ಒಂದು ಊರಲ್ಲಿ ಇವನ ಚಿಲಿಯ ಗುರುತಿನ ಚೀಟಿ ನೋಡಿ ಲಾಡ್ಜಿನವನು ರೂಮಿಲ್ಲ ಅಂದನಂತೆ. ಕೇಳಿದವರೆಲ್ಲ "ನೋಡಿದ್ಯಾ!" ಅಂದರು. ನಾನು ಕೇಳಿದ್ದು ಬರೀ ನೀರಸ ಪ್ರಶ್ನೆಗಳು. ಆ ದಿನ ಊರಲ್ಲಿ ಜಾತ್ರೆಗೀತ್ರೆ ಇತ್ತಾ? ಲಾಡ್ಜಿನವನು ಏನಂದ, ಅವನ ಬಾಯಿಮಾತಲ್ಲೇ ಹೇಳು. ನಿನ್ನ ಹಿಂದೆ ನಿಂತವನಿಗೆ ರೂಮು ಕೊಟ್ಟನಾ? ಮೂರನೆಯದಕ್ಕೆ ಡ್ರೈವರ್ ಹೌದು ಅಂದ. ತನ್ನ ಹಿಂದಿದ್ದ ಬೊಲಿವಿಯಾದವನು ಕೀಲಿಕೈ ಇಸಕೊಂಡಿದ್ದನ್ನು ನೋಡಿದ್ದಾನೆ. ಆಗ ಅದು ನನ್ನ ಪುಸ್ತಕದಲ್ಲಿ ಗಟ್ಟಿ ನಿಂತಿತು. ಅಷ್ಟಾದರೂ 'ಡ್ರೈವರ್ ಹೇಳಿದ್ದು, ನಾನು ಕಂಡದ್ದಲ್ಲ' ಅಂತ ಬದಿಯಲ್ಲಿ ಬರೆದಿದ್ದೇನೆ.

ನನ್ನ ಮಟ್ಟಿಗೆ ಇಂಥ ಒಂದು ದಾಖಲೆ ಹತ್ತು ಫುಟ್‌ಬಾಲ್ ಮ್ಯಾಚಿನ ಘೋಷಣೆಗಿಂತ ತೂಕದ್ದು. ಸ್ಟೇಡಿಯಂನಲ್ಲಿ ಕೂಗುವವರು ಯಾರನ್ನು ತಾನೇ ಬಿಡುತ್ತಾರೆ? ಆದರೆ ವೀಡಿಯೊ ಸಿಗುವುದು ಅದರದೇ, ಹಂಚಿಕೊಳ್ಳುವುದೂ ಅದನ್ನೇ. ರೂಮು, ಬಾಡಿಗೆ ಮನೆ, ಕೆಲಸ, ಪೊಲೀಸ್ ಠಾಣೆ, ಶಾಲೆ, ಈ ಜಾಗಗಳಲ್ಲಿ ನಡೆದದ್ದಕ್ಕೆ ವೀಡಿಯೊ ಇರುವುದಿಲ್ಲ.

ದೊಡ್ಡವರ ಮಾತಿನ ಲೆಕ್ಕ ಬೇರೆ. 2008ರ ನವೆಂಬರಿನಲ್ಲಿ ಪೆರುವಿನ ಸೇನಾ ಮುಖ್ಯಸ್ಥ ಎದ್ವಿನ್ ದೊನಾಯ್ರೆ ಒಂದು ಪಾರ್ಟಿಯಲ್ಲಿ ಆಡಿದ ಮಾತಿನ ವೀಡಿಯೊ ಬಯಲಿಗೆ ಬಂತು. ಒಳಗೆ ಬರುವ ಚಿಲಿಯವನು ಹೊರಗೆ ಹೋಗುವುದಿಲ್ಲ, ಹೋದರೂ ಶವಪೆಟ್ಟಿಗೆಯಲ್ಲಿ, ಪೆಟ್ಟಿಗೆ ಸಾಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ, ಅನ್ನುವ ಅರ್ಥದ ಮಾತು. ಆಡಿದವನ ಕೈಲಿ ಸೈನ್ಯವೇ ಇತ್ತು, ಹಾಗಾಗಿ ಇದನ್ನು ತಮಾಷೆಯ ಖಾತೆಗೆ ಹಾಕಲು ಬರುವುದಿಲ್ಲ. ಆದರೆ ಕತೆ ಅಲ್ಲಿಗೇ ನಿಲ್ಲಲಿಲ್ಲ. ಪೆರುವಿನ ಅಧ್ಯಕ್ಷ ಅಲನ್ ಗಾರ್ಸಿಯಾ ಚಿಲಿಯ ಅಧ್ಯಕ್ಷೆ ಮಿಶೆಲ್ ಬಾಚೆಲೆಟ್‌ಗೆ ಫೋನ್ ಮಾಡಿ, ಇದು ತಮ್ಮ ಸರ್ಕಾರದ ನಿಲುವಲ್ಲ ಅಂದರು. ಡಿಸೆಂಬರಿನಲ್ಲಿ ಆ ಜನರಲ್ ಹುದ್ದೆಯಿಂದ ಇಳಿದರು. ಮಾತನ್ನು ಬರೆದು ಇದನ್ನು ಬಿಟ್ಟರೆ ಅರ್ಧ ಸತ್ಯ.

ಇದಕ್ಕೆ ಜೋಡಿಯಾಗಿ 2013ರ ವೀಡಿಯೊ ಹಾಕಬೇಕಾ ಅನ್ನುವುದು ಎರಡನೇ ಜಗಳ. ವಿನ್ಯಾ ದೆಲ್ ಮಾರ್ ಊರಿನ ಬೀದಿಯಲ್ಲಿ ಓಡುತ್ತಾ ಚಿಲಿಯ ನೌಕಾಪಡೆಯ ಹುಡುಗರು ಅರ್ಜೆಂಟೀನಾದವರನ್ನು ಕೊಲ್ಲುತ್ತೇವೆ, ಬೊಲಿವಿಯಾದವರಿಗೆ ಗುಂಡಿಕ್ಕುತ್ತೇವೆ, ಪೆರುವಿನವರ ಕತ್ತು ಕೊಯ್ಯುತ್ತೇವೆ ಅಂತ ಹಾಡಿದ್ದು ಆಗ ಸುದ್ದಿಯಾಗಿತ್ತು. ಇಲ್ಲಿ ನಾನೂ ಟೀಚರೂ ತಿರುಗುಮುರುಗು. ಮಕ್ಕಳೆದುರು ಎರಡನ್ನೂ ಒಟ್ಟಿಗೆ ಇಡಬೇಕು ಅಂತ ಅವರು. ಅಕ್ಕಪಕ್ಕ ಬೇಡ ಅಂತ ನಾನು. ಇವರದೂ ಒಂದು, ಅವರದೂ ಒಂದು ಅಂತ ತಕ್ಕಡಿ ಸಮ ಮಾಡಿದರೆ ಎರಡೂ ಹಗುರ ಆಗುತ್ತವೆ. ದೊನಾಯ್ರೆ ಆಡಿದ್ದನ್ನು ಓದುವ ಚಿಲಿಯ ಮಗುವಿಗೆ "ನಿಮ್ಮವರೂ ಹಾಡಿದ್ದಾರೆ" ಅನ್ನುವ ಉತ್ತರ ಯಾಕೆ ಕೊಡಬೇಕು? ವಿನ್ಯಾದ ಹಾಡಿಗೆ ಅದರದೇ ಪುಟ ಇರಲಿ, ಅಷ್ಟೇ ದೊಡ್ಡದಾಗಿ ಇರಲಿ.

ಕಾರಣ ಹೇಳುವ ಕಡೆ ಮಾತ್ರ ಯಾವುದನ್ನೂ ಬಿಡುವ ಹಾಗಿಲ್ಲ. 1881ರ ಜನವರಿಯಿಂದ 1883ರವರೆಗೆ ಪೆರುವಿನ ರಾಜಧಾನಿ ಲಿಮಾ ಚಿಲಿಯ ಸೈನ್ಯದ ಕೈಲಿತ್ತು. ರಾಷ್ಟ್ರೀಯ ಗ್ರಂಥಾಲಯ ಲೂಟಿಯಾಯಿತು. ಅದರಲ್ಲಿ 3,788 ಪುಸ್ತಕಗಳನ್ನು ಚಿಲಿ ವಾಪಸ್ ಕೊಟ್ಟದ್ದು 2007ರಲ್ಲಿ. ತಾಕ್ನಾ ಊರು 1929ರವರೆಗೆ ಚಿಲಿಯ ಆಡಳಿತದಲ್ಲಿತ್ತು. ಈಗಲೂ ಆಗಸ್ಟ್ 28ರಂದು ಅಲ್ಲಿ ಪೆರುವಿನ ಬಾವುಟವನ್ನು ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಇನ್ನು ನಾನಿರುವ ಇಕೀಕೆಯೂ ಯುದ್ಧಕ್ಕೆ ಮೊದಲು ಪೆರುವಿನದೇ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ 'ದೇಶಭಕ್ತ ಕೂಟ'ಗಳು ಇಲ್ಲಿನ ಪೆರುವಿನವರ ಮನೆಗಳಿಗೆ ಟಾರಿನಲ್ಲಿ ಶಿಲುಬೆಯ ಗುರುತು ಹಾಕಿ ಓಡಿಸಿದ್ದನ್ನು ನನಗೆ ಹೇಳಿದವರು ಆ ಟೀಚರ್ರೇ. ಈ ವಿಷಯದಲ್ಲಿ ಅವರು ಯಾವ ಮುಲಾಜೂ ಇಟ್ಟುಕೊಂಡಿಲ್ಲ. ಅದಕ್ಕೇ ನನಗೆ ಅವರ ಮೇಲೆ ಗೌರವ.

ಹಾಗಂತ ತಾಕ್ನಾ ಹಗಲೂ ರಾತ್ರಿ ಚಿಲಿಯನ್ನು ಬೈಯುತ್ತಾ ಕೂತಿದೆ ಅಂದುಕೊಂಡರೆ ಕೆಟ್ಟಿರಿ. ವಾರಾಂತ್ಯ ಬಂದರೆ ಆರಿಕಾದ ಜನ ಗಡಿ ದಾಟಿ ಅಲ್ಲಿಗೆ ಹೋಗುವುದು ಹಲ್ಲು ತೋರಿಸಲು, ಕನ್ನಡಕ ಮಾಡಿಸಲು, ಹೊಟ್ಟೆ ತುಂಬ ಉಣ್ಣಲು. ದಂತವೈದ್ಯರ ಬೋರ್ಡುಗಳು ಸಾಲು ಸಾಲು. ಅಲ್ಲಿಂದ ಬರುವ ನಮ್ಮ ಗಿರಾಕಿ ಒಬ್ಬರು ಚಿಲಿಯವರ ಜಂಬದ ಬಗ್ಗೆ ಅರ್ಧ ಗಂಟೆ ಕೊರೆದು, ಕೊನೆಗೆ ತಮ್ಮ ಅಳಿಯ ಆರಿಕಾದವನು ಅಂದರು. ಇಂಥದ್ದನ್ನು ಬರೆಯದೆ ಬೈಗುಳ ಮಾತ್ರ ಬರೆದರೆ ನಕ್ಷೆಯಲ್ಲಿ ಇಲ್ಲದ ತಾಕ್ನಾ ಒಂದು ಹುಟ್ಟುತ್ತದೆ.

ಅರ್ಜೆಂಟೀನಾದ ವಿಷಯ ನಾನು ಕಿವಿಯಾರೆ ಕೇಳಿದ್ದಲ್ಲ. ಅಲ್ಲಿನವರು ನಮ್ಮಲ್ಲಿ ಕೊಳ್ಳುವುದಿಲ್ಲ. ಓದಿದ್ದರಿಂದ ಹೇಳುತ್ತಿದ್ದೇನೆ. ಆದರೂ ಹೇಳಲೇಬೇಕು, ಯಾಕಂದರೆ 'ನೆರೆಯವರಿಗೆ ಚಿಲಿ ಕಂಡರೆ ಆಗದು' ಅಂತ ಮೂರೂ ದೇಶವನ್ನು ಒಂದೇ ಹಗ್ಗದಲ್ಲಿ ಕಟ್ಟುವುದು ನನಗೆ ಎಲ್ಲಕ್ಕಿಂತ ದೊಡ್ಡ ತಪ್ಪಾಗಿ ಕಾಣುತ್ತದೆ. ಪೆರು, ಬೊಲಿವಿಯಾದಲ್ಲಿರುವುದು ಗೆದ್ದವನ ಮೇಲಿನ ಸಿಟ್ಟು. ಲಿಮಾದಲ್ಲಿ ಫಲಾಬೆಲ್ಲಾ, ರಿಪ್ಲೆಯಂಥ ಚಿಲಿಯ ದೊಡ್ಡ ಮಳಿಗೆಗಳನ್ನು ನೋಡಿದಾಗಲೂ ಕೆಲವರಿಗೆ ಅದೇ ಗಾಯ ಕೆರೆದ ಹಾಗಾಗುತ್ತದೆ. ಅರ್ಜೆಂಟೀನಾದ ಪೆಟಗೋನಿಯಾದಲ್ಲಿ ಕತೆ ಉಲ್ಟಾ. ಅಲ್ಲಿಗೆ ಚಿಲಿಯವರು ಹೋದದ್ದು ಕುರಿ ಎಸ್ಟೇಟುಗಳ ಕೂಲಿಗಳಾಗಿ. ಬಹಳ ಜನ ಚಿಲೊಯೆ ದ್ವೀಪದ ಬಡವರು. 1921ರಲ್ಲಿ ಸಾಂತಾ ಕ್ರೂಸ್ ಪ್ರಾಂತ್ಯದ ಮುಷ್ಕರವನ್ನು ಮುರಿಯಲು ಕರ್ನಲ್ ವರೇಲಾನ ಸೈನಿಕರು ನೂರಾರು ಕೂಲಿಗಳನ್ನು ಗುಂಡಿಟ್ಟು ಕೊಂದಾಗ, ಸತ್ತವರಲ್ಲಿ ಅವರು ಬಹಳ ಇದ್ದರು. ಇದು ಬಡವನನ್ನು ಕೀಳಾಗಿ ಕಾಣುವ ತಾತ್ಸಾರ. ಮೇಲಿನವನ ಮೇಲಿನ ಸಿಟ್ಟಿಗೂ ಕೆಳಗಿನವನ ಮೇಲಿನ ತಾತ್ಸಾರಕ್ಕೂ ಒಂದೇ ಹೆಸರು ಕೊಟ್ಟರೆ ಯಾವುದೂ ಅರ್ಥ ಆಗುವುದಿಲ್ಲ. ಅದಕ್ಕೇ ನನ್ನ ಪುಸ್ತಕದಲ್ಲಿ 'ಆಡಿದವರು ಯಾರು' ಅನ್ನುವುದರ ಪಕ್ಕದಲ್ಲೇ 'ಇಬ್ಬರಲ್ಲಿ ಯಾರ ಕೈ ಮೇಲಿತ್ತು' ಅನ್ನುವ ಕಾಲಂ ಇದೆ.

ಅದರ ಮೇಲೆ 1978 ಬಂತು. ದಕ್ಷಿಣ ತುದಿಯ ಬೀಗಲ್ ಕಾಲುವೆಯ ದ್ವೀಪಗಳಿಗಾಗಿ ಚಿಲಿ, ಅರ್ಜೆಂಟೀನಾ ಎರಡೂ ಆ ಡಿಸೆಂಬರಿನಲ್ಲಿ ಯುದ್ಧದ ಅಂಚಿಗೆ ಹೋಗಿ, ಪೋಪ್ ನಡುವೆ ಬಂದದ್ದರಿಂದ ನಿಂತವು. ಅರ್ಜೆಂಟೀನಾ ಬ್ರಿಟನ್ ಜೊತೆ ಕಾದಾಡಿದ 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಚಿಲಿ ಬ್ರಿಟನ್‌ಗೆ ಗುಟ್ಟಾಗಿ ನೆರವು ಕೊಟ್ಟಿತು. ಆಗಿನ ವಾಯುಪಡೆ ಮುಖ್ಯಸ್ಥ ಫೆರ್ನಾಂಡೊ ಮತೇಯಿ ಆಮೇಲೆ ಅದನ್ನು ಒಪ್ಪಿಕೊಂಡರು. 'ಬೆನ್ನಿಗೆ ಚೂರಿ ಹಾಕಿದವರು' ಅನ್ನುವ ಮಾತಿನ ಬೇರು ಇದೇ. ಆದರೆ ಆ ನೆರವು ಕೊಟ್ಟದ್ದು ಪಿನೊಚೆಯ ಸರ್ವಾಧಿಕಾರ. ಯಾವ ಚಿಲಿಯವನನ್ನೂ ಅವನು ಕೇಳಿರಲಿಲ್ಲ. 1973ರಲ್ಲಿ ಅವನು ಅಧಿಕಾರ ಹಿಡಿದ ನಂತರ ಅವನಿಗೆ ಹೆದರಿ ಎಷ್ಟೋ ಜನ ಅರ್ಜೆಂಟೀನಾಕ್ಕೇ ಓಡಿಹೋಗಿದ್ದರು. ಅವನಿಗಿಂತ ಮೊದಲು ಸೇನಾ ಮುಖ್ಯಸ್ಥರಾಗಿದ್ದ ಕಾರ್ಲೋಸ್ ಪ್ರಾತ್ಸ್ ಅವರನ್ನು 1974ರಲ್ಲಿ ಬ್ಯೂನಸ್ ಐರಿಸ್‌ನಲ್ಲೇ ಬಾಂಬಿಟ್ಟು ಕೊಂದರು. ಸರ್ಕಾರ ಮಾಡಿದ್ದನ್ನು ಜನರ ತಲೆಗೆ ಕಟ್ಟುವವರು ಇದನ್ನೊಂದು ಸಲ ನೋಡಬೇಕು.

ಈಗ ನಡೆಯುತ್ತಿರುವ ಜಗಳ ಹೆಸರುಗಳದು. ನಾನು ಗಿರಾಕಿಯ ಹೆಸರು, ಅಂಗಡಿ, ಕೊಂಡ ಮಾಲು ಎಲ್ಲ ತೆಗೆದುಬಿಡುತ್ತೇನೆ. ಒರೂರೋ ಅಂದರೆ ಅಡ್ಡಿಯಿಲ್ಲ, ಅಲ್ಲಿಂದ ಬರುವವರಿಗೆ ಲೆಕ್ಕವಿಲ್ಲ. ಅವರ ಹೊಟ್ಟೆಪಾಡು ಈ ಬಂದರಿನ ಮೇಲಿದೆ. ಯಾರೋ ಒಬ್ಬ ಕಸ್ಟಮ್ಸಿನವನು ಇದನ್ನು ಓದಿ ಗುರುತು ಹಿಡಿದರೆ ಮೂಟೆ ಗಡಿಯಲ್ಲೇ ಕೊಳೆಯುತ್ತದೆ. "ಹೆಸರಿಲ್ಲದಿದ್ದರೆ ಯಾರು ನಂಬುತ್ತಾರೆ? ನೀವೇ ಕಟ್ಟಿದ ಕತೆ ಅಂತಾರೆ," ಅನ್ನುತ್ತಾರೆ ಟೀಚರ್. ಅವರ ಮಾತಲ್ಲೂ ನ್ಯಾಯ ಇದೆ. ಸದ್ಯಕ್ಕೆ ಆಗಿರುವ ಒಪ್ಪಂದ ಇಷ್ಟು: ಮೂಲ ನೋಟ್‌ಬುಕ್ಕನ್ನು ಅವರು ನಮ್ಮ ಗೋದಾಮಿಗೆ ಬಂದು ಓದಬಹುದು, ನನ್ನನ್ನು ಅಡ್ಡ ಪ್ರಶ್ನೆ ಕೇಳಬಹುದು, ಫೋಟೊ ತೆಗೆಯುವ ಹಾಗಿಲ್ಲ. ಮುಂದಿನ ಶನಿವಾರ ಬರುತ್ತಾರಂತೆ. ಲಾಡ್ಜಿನ ಪುಟದ ಮೇಲೆ ಅವರಿಗೆ ಇನ್ನೂ ಅನುಮಾನ ಇದೆ. ಡ್ರೈವರನಿಗೂ ಬರಲು ಹೇಳಿದ್ದೇನೆ.