ಕಾಯಿಲ್ ಕೆಟ್ಟಿರಲಿಲ್ಲ

ಕಕ್ಕಡದ, ಅಂದರೆ ಕೊಡಗಿನಲ್ಲಿ ಜುಲೈ-ಆಗಸ್ಟ್ ಹೊತ್ತಿಗೆ ಬರುವ ತಿಂಗಳ, ಮಳೆ ಹಿಡಿಯಿತೆಂದರೆ ಸೋಮವಾರಪೇಟೆ ಕಡೆಯ ನಮ್ಮ ತೋಟದ ಮನೆಯಲ್ಲಿ ಸಂಜೆ ಹೊತ್ತು ಬಲ್ಬು ಮಂಕಾಗುತ್ತದೆ, ಸ್ನಾನದ ನೀರೂ ಬೇಗ ಕಾಯುವುದಿಲ್ಲ. ಹೀಟರ್ ಕಾಯಿಲ್ ಕೆಟ್ಟಿದೆಯೆಂದು ಮನೆಯವರು ಹೊಸದನ್ನು ತರಲು ಹೊರಟಾಗ, ಮೊದಲು ಅಳೆದು ನೋಡೋಣ ಎಂದೆ.

ಕಾಯಿಲ್ ಮೇಲೆ 230 ವೋಲ್ಟ್, 1000 ವ್ಯಾಟ್ ಎಂದು ಅಚ್ಚಾಗಿದೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ವಿದ್ಯುತ್ ಪ್ರವಾಹ ಸುಮಾರು 4.35 ಆಂಪಿಯರ್ ಆಗುತ್ತದೆ. ವೋಲ್ಟನ್ನು ಆ ಪ್ರವಾಹದಿಂದ ಭಾಗಿಸಿದರೆ, ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, ಕಾಯಿಲ್ ಪ್ರವಾಹಕ್ಕೆ ಒಡ್ಡುವ ತಡೆ, ಅಂದರೆ ರೋಧ, ಸುಮಾರು 53 ಓಮ್ ಎಂದು ಸಿಗುತ್ತದೆ.

ಆ ಸಂಜೆ ಮೀಟರು 180 ವೋಲ್ಟ್ ತೋರಿಸಿತು. ತಂತಿಯನ್ನು ಸುತ್ತುವರಿದು ಪ್ರವಾಹ ಅಳೆಯುವ ಕ್ಲ್ಯಾಂಪ್ ಮೀಟರಿನ ದವಡೆಯೊಳಗೆ ಎರಡೂ ತಂತಿಗಳನ್ನು ಒಟ್ಟಿಗೆ ಇಟ್ಟರೆ ಅಂಕಿ ಸೊನ್ನೆಯಲ್ಲೇ ನಿಲ್ಲುವುದರಿಂದ, ಒಂದೇ ತಂತಿಯನ್ನು ಬಿಡಿಸಿ ಹಿಡಿದೆ, 3.4 ಆಂಪಿಯರ್ ಬಂತು. ಭಾಗಿಸಿದರೆ ಅದೇ 53 ಓಮ್. ಕಾಯಿಲ್ ಸರಿಯಾಗಿಯೇ ಇತ್ತು.

ಆದರೆ 180ನ್ನು 3.4ರಿಂದ ಗುಣಿಸಿದಾಗ ಸಾಮರ್ಥ್ಯ ಬರೀ 612 ವ್ಯಾಟ್. ವೋಲ್ಟೇಜ್ ಇಳಿದಾಗ ಪ್ರವಾಹವೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ, ಅವೆರಡರ ಗುಣಲಬ್ಧವಾದ ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಸಿಯುತ್ತದೆ. ಈ ಲೆಕ್ಕದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಇದೇ. ಹದಿನೈದು ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಪೂರ್ಣ ವೋಲ್ಟೇಜಿನಲ್ಲಿ ಸುಮಾರು 26 ನಿಮಿಷ ಸಾಕು, 180 ವೋಲ್ಟಿನಲ್ಲಿ ಸುಮಾರು 43 ನಿಮಿಷ ಬೇಕು.

ತೋಟದ ಪಂಪ್ ಮೋಟಾರಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ: ಹೊರೆ ಹೊತ್ತ ಮೋಟಾರು ಕಡಿಮೆ ವೋಲ್ಟೇಜಿನಲ್ಲಿ ಸಾಮಾನ್ಯವಾಗಿ ಹೆಚ್ಚು ಪ್ರವಾಹವನ್ನೇ ಎಳೆದು, ಸುರುಳಿ ಬಿಸಿಯಾಗುತ್ತದೆ. ಹಾಗಾಗಿ ಸಂಜೆ ಪಂಪ್ ಹಾಕುವುದನ್ನು ನಾವು ನಿಲ್ಲಿಸಿದ್ದೇವೆ.