ಹಳ್ಳದ ಕಲ್ಲು ಮಗುಚಿದ ದಿನ

ಡಿಸೆಂಬರ್ ಮೊದಲ ವಾರ, ಸಿದ್ದಾಪುರ ಸೀಮೆಯ ಒಂದು ಹಳ್ಳ. ಮಳೆಗಾಲದ ರಾಡಿ ಇಳಿದು ತಳದ ಮರಳು ಕಾಣುವಷ್ಟು ನೀರು ತಿಳಿಯಾಗಿತ್ತು. ತಿಳಿನೀರು ನೋಡಿ ಹಳ್ಳ ಚೆನ್ನಾಗಿದೆ ಎಂದುಬಿಡುವವರೇ ಹೆಚ್ಚು. ಆ ಮಾತನ್ನು ಕಲ್ಲಿನ ಅಡಿಯ ಹುಳುಗಳು ಹೇಳಬೇಕು.

ಹುಳು ಹಿಡಿದು ಹಳ್ಳದ ಆರೋಗ್ಯ ನೋಡುವ ಈ ಕೆಲಸಕ್ಕೆ ಜೋರು ಮಳೆಯ ಮರುದಿನ ಇಳಿಯಬಾರದು, ಹುಳುಗಳು ಕೊಚ್ಚಿಹೋಗಿರುತ್ತವೆ. ನಡೆಯುವುದೂ ಕೆಳಗಿನಿಂದ ಮೇಲಕ್ಕೇ. ಇಲ್ಲದಿದ್ದರೆ ನಾವೇ ಕದಡಿದ ಕೆಸರು ಬಲೆಗೆ ಬರುತ್ತದೆ.

ಹಾಗಾಗಿ ಮೊದಲು ಸಿಕ್ಕಿದ್ದು ಅಡಿಕೆ ತೋಟದ ಬಸಿಗಾಲುವೆ ಬಂದು ಕೂಡುವ ಜಾಗ. ಅರ್ಧ ಮಿಲಿಮೀಟರ್ ಕಣ್ಣಿನ ಬಲೆಯನ್ನು ಓಟಕ್ಕೆ ಅಡ್ಡ ಹಿಡಿದು, ಅದರ ಮೇಲ್ಬದಿಯ ಕಲ್ಲುಗಳನ್ನು ಒಂದು ನಿಮಿಷ ಕಾಲಿನಿಂದ ಅಲುಗಿಸಿ, ಬಿಳಿ ತಟ್ಟೆಗೆ ಸುರುವಿದೆವು. ಹೆಚ್ಚುಕಡಿಮೆ ಬರೀ ಕೆಂಪು ಹುಳು. ಅವುಗಳ ಮೈಯಲ್ಲೂ ಹಿಮೋಗ್ಲೋಬಿನ್ ಇದೆ, ಆಮ್ಲಜನಕ ಕಡಿಮೆಯಾದರೂ ಬದುಕುತ್ತವೆ. ಕಲ್ಲುಗಳು ಅರ್ಧಕ್ಕೂ ಮೇಲೆ ಹೂಳಿನಲ್ಲಿ ಹುದುಗಿದ್ದವು; ಕಲ್ಲಿನ ಸಂದು ಮುಚ್ಚಿದರೆ ಮಿಕ್ಕ ಹುಳುಗಳಿಗೆ ಮನೆಯೇ ಇಲ್ಲ. ದಡದ ವಾಟೆ ಬಿದಿರು ಕಡಿದು ತೋಟ ನೀರಿನಂಚಿಗೆ ಬಂದಿತ್ತು. ಇಂಥಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಡ್ರಮ್ಮು ತೊಳೆದರೂ ಕಷ್ಟ. 100 ಲೀಟರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸುವ ದ್ರಾವಣ ಅದು, ತಾಮ್ರ ಹೂಳಿನಲ್ಲೇ ಕೂರುತ್ತದೆ.

ಅಲ್ಲಿಂದ ಮೇಲೆ ಕಾಡಿನೊಳಗೆ ಬಿಸಿಲು ನೀರು ಮುಟ್ಟುವುದಿಲ್ಲ. ಇಲ್ಲಿಯ ತಟ್ಟೆಯಲ್ಲಿ ಮೊದಲು ಕಂಡಿದ್ದು ತರಗೆಲೆಯ ಚೂರು ಮಾತ್ರ. ಎರಡು ನಿಮಿಷ ಅಲುಗಿಸದೆ ಕಾದರೆ ಚೂರುಗಳೇ ನಡೆಯತೊಡಗುತ್ತವೆ! ಹೊಟ್ಟೆಯ ಪಕ್ಕ ಪಟಪಟ ಬಡಿಯುವ ಕಿವಿರು, ಸಾಮಾನ್ಯವಾಗಿ ಮೂರು ಬಾಲ ಇದ್ದರೆ ಮೇಫ್ಲೈ ಎಂಬ ರೆಕ್ಕೆಹುಳುವಿನ ಮರಿ. ಬಾಲ ಎಣಿಸಿ ಮೋಸಹೋಗುವುದುಂಟು, ಕಾಲು ನೋಡಿ: ಒಂದೇ ಉಗುರು ಮೇಫ್ಲೈಗೆ, ಎರಡು ಉಗುರು ಅದರಂತೆಯೇ ಕಾಣುವ ಸ್ಟೋನ್‌ಫ್ಲೈಗೆ. ಮರಳಿನ ಕಾಳು ಅಂಟಿಸಿಕೊಂಡು ಕೊಳವೆಗೂಡು ಹೊತ್ತು ತಿರುಗುವುದು ಕ್ಯಾಡಿಸ್ ಎಂಬ ಇನ್ನೊಂದು ರೆಕ್ಕೆಹುಳುವಿನ ಮರಿ. ಕೆಟ್ಟ ನೀರನ್ನು ಸಾಮಾನ್ಯವಾಗಿ ತಾಳದ ಈ ಮೂರೂ ಸಿಕ್ಕವು; ಅಂದರೆ ಇಲ್ಲಿ ಹಳ್ಳ ಚೆನ್ನಾಗಿದೆ.

ನೀರಿನ ಹರಿವಿಗೆ 10 ಮೀಟರ್ ಅಳೆದು ಒಣ ಕಡ್ಡಿ ತೇಲಿಬಿಟ್ಟೆವು. 25 ಸೆಕೆಂಡು. ಅಗಲ 2 ಮೀಟರ್, ಸರಾಸರಿ ಆಳ 20 ಸೆಂಟಿಮೀಟರ್. ತಳದಲ್ಲಿ ನೀರು ನಿಧಾನ, ಅದಕ್ಕೆ 0.8ರಿಂದ ಗುಣಿಸಬೇಕು: ಸೆಕೆಂಡಿಗೆ 128 ಲೀಟರ್. ಏಪ್ರಿಲಿನಲ್ಲಿ ಇದೇ ಜಾಗದಲ್ಲಿ ಮತ್ತೆ ಅಳೆದರೆ ಮಾತ್ರ ಈ ಅಂಕಿಗೆ ಅರ್ಥ.

ದಡದ ಗಿಡಮರಗಳ ಲೆಕ್ಕದಲ್ಲಿ ತಪ್ಪುವುದು ದೊಡ್ಡ ಮರಗಳನ್ನಷ್ಟೇ ಎಣಿಸುವುದರಿಂದ. ಇಲ್ಲಿ ರಾಮಪತ್ರೆ, ಹೈಗ ಎಲ್ಲ ಎತ್ತರಕ್ಕೆ ನಿಂತಿವೆ. ಆದರೆ ಎಡದಡದಲ್ಲಿ ದರಕು (ಒಣ ತರಗೆಲೆ) ಗುಡಿಸಿದ್ದಾರೆ, ಹತ್ತು ಹೆಜ್ಜೆಯೊಳಗೆ ಒಂದು ಸಸಿಯೂ ಎದ್ದಿಲ್ಲ. ಬಲದಡದಲ್ಲಿ ಮೊಣಕಾಲೆತ್ತರದವೇ ಹದಿನೇಳು.

ಎತ್ತಿದ ಕಲ್ಲುಗಳನ್ನು ಇದ್ದ ಮಗ್ಗುಲಿಗೇ ಇಟ್ಟು ಬಂದೆವು. ಅಡಿಯಲ್ಲಿ ಗೂಡುಗಳಿದ್ದವು.